ಹರಿಗೋಲು ಹೊತ್ತ ಬಂಡಿ

ನಮ್ಮ ಕಡೆಯ ಮನೆತನಗಳಲ್ಲಿ ಜಾತ್ರೆಗೆ ಗಾಡಿ ಕಟ್ಟುವುದೆಂದರೆ ಒಂದು ಕಾಲಕ್ಕೆ ವರ್ಷದ ದೊಡ್ಡ ಕಾರ್ಯವಾಗಿತ್ತು. ಸುತ್ತೂರಿಗೋ, ನಂಜನಗೂಡಿಗೋ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಸನ್ನಿಧಿಗೋ ಹೊರಡುವ ಹಿಂದಿನ ದಿನ ಕಮಾನಿಗೆ ಚಾಪೆ ಬಿಗಿದು, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನೆ ಹರಡಿ, ಅಚ್ಚಿಗೆ ಎಣ್ಣೆ ಹಾಕಿ, ಗಾಡಿಯ ಅಡಿಯಲ್ಲಿ ಲಾಂದ್ರ ತೂಗುಹಾಕಿದರೆ ಮನೆಯ ಅರ್ಧ ಭಾಗವೇ ಚಕ್ರದ ಮೇಲೆ ಏರಿದಂತೆ ಆಗುತ್ತಿತ್ತು. ಹೋದ ಕಡೆ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು, ಮೂರು ಕಲ್ಲಿನ ಒಲೆ ಹೂಡಿದರೆ ಅದೇ ಮನೆ. ಈಗಿನವರು ಇದನ್ನು ಹೊಸ ವಿದ್ಯೆಯೆಂಬಂತೆ ಕಾರಿನ ಹಿಂದೆ ಮನೆ ಕಟ್ಟಿಕೊಂಡು ಹೋಗುವ ಚಿತ್ರಗಳನ್ನು ತೋರಿಸುತ್ತಾರೆ. ನಮ್ಮ ಅಜ್ಜಂದಿರು ಕಂಡಿದ್ದರೆ ಎತ್ತುಗಳೆಲ್ಲಿ ಎಂದು ಮಾತ್ರ ಕೇಳುತ್ತಿದ್ದರೇನೋ.

ಅಂತಹ ಒಂದು ಬಂಡಿಯನ್ನು ನಾವೂ ನಮ್ಮ ಅಣ್ಣನವರೂ 2024ರ ಬೇಸಿಗೆಯಲ್ಲಿ ಕಟ್ಟಿದೆವು. ಅದು ಜಾತ್ರೆಗಾಗಿ ಕಟ್ಟಿದ್ದಲ್ಲ. ಮನೆಯೊಂದನ್ನೇ ಅಲ್ಲದೆ ಒಂದು ಹರಿಗೋಲನ್ನೂ ಅದು ಹೊರಬೇಕಾಗಿತ್ತು. ಹೀಗೇಕೆಂದು ಓದುಗ ಬಂಧುಗಳಿಗೆ ಮೊದಲು ತಿಳಿಸಬೇಕು.

ನಮ್ಮ ಮೂಲ ಊರು ಹೆಗ್ಗಡದೇವನಕೋಟೆ ತಾಲ್ಲೂಕಿನದು. ಈಗ ಆ ಊರಿಲ್ಲ. ಕೇರಳದ ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಗೆ ಬೀಚನಹಳ್ಳಿ, ಬಿದರಹಳ್ಳಿಗಳ ಬಳಿ ಅಣೆಕಟ್ಟು ಎದ್ದಿತು. 1974ರಲ್ಲಿ ಅದು ಮುಗಿಯಿತು. ಕಟ್ಟೆಯ ಉದ್ದ 696 ಮೀಟರು. ಹಿಡಿಯುವ ನೀರು ಹತ್ತೊಂಬತ್ತೂವರೆ ಟಿ.ಎಂ.ಸಿ.ಯಷ್ಟು. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಒಂದು ಭಾಗವೂ ಆ ನೀರಿನ ಕೆಳಗೆ ಹೋಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಈ ಅಣೆಕಟ್ಟಿನಿಂದ ಕೆಳಗಿನ ಊರುಗಳಿಗೆ ಆದ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ಸೋದರತ್ತೆಯ ಮಕ್ಕಳು ಅದೇ ನೀರಿನಲ್ಲಿ ಭತ್ತ ಬೆಳೆದು ಮನೆ ಕಟ್ಟಿದರು.

ಊರು ಬಿಟ್ಟಾಗ ನಮಗೆ ಏಳೆಂಟು ವರ್ಷ. ತೀರ್ಥರೂಪರು ಮನೆಯ ಬಾಗಿಲು, ತೊಲೆ, ಜಂತೆಗಳನ್ನು ಬಿಚ್ಚಿ ಗಾಡಿಗೆ ಹೇರಿದ್ದು ನೆನಪಿದೆ. ಮುಂದೆ ಹೋಗುತ್ತಿದ್ದ ಅಂಬಿಗರ ಮನೆಯವರ ಗಾಡಿಯ ಕಮಾನಿನ ಮೇಲೆ ಅವರ ಹರಿಗೋಲನ್ನು ಮಗುಚಿ ಕಟ್ಟಿದ್ದರು. ದೂರದಿಂದ ನೋಡಿದರೆ ಒಂದು ದೊಡ್ಡ ಆಮೆ ಗಾಡಿಯೇರಿ ಕುಳಿತು ಊರು ಬಿಡುತ್ತಿರುವಂತೆ ಕಾಣುತ್ತಿತ್ತು. ಮಕ್ಕಳಾದ ನಮಗೆ ಅದು ನಗೆಯ ವಿಷಯ. ಹಿಂದಿನ ಗಾಡಿಯಲ್ಲಿ ನಮ್ಮ ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ಊರಿಗಾಗಿ ಅಳುತ್ತಿದ್ದಾರೆಂದು ನಾವು ತಿಳಿದಿದ್ದೆವು. ಅಕ್ಕನ ವಿಷಯ ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಣ್ಣನವರಿಗೂ ಹಿರಿಯಳಾದ ಹೆಣ್ಣುಮಗುವೊಂದು ನಮ್ಮ ಮನೆಯಲ್ಲಿ ಹುಟ್ಟಿ, ಮೂರನೆಯ ವರ್ಷ ಜ್ವರದಿಂದ ತೀರಿಕೊಂಡಿತ್ತು. ನಮ್ಮಲ್ಲಿ ಹೂಳುವುದು ವಾಡಿಕೆ. ಹೊಲದ ಬದುವಿನಲ್ಲಿ, ಹುಣಸೆಮರದ ಪೂರ್ವಕ್ಕೆ ಆ ಕೂಸನ್ನು ಮಣ್ಣು ಮಾಡಿದ್ದರು. ಅವ್ವ ಪ್ರತಿ ಸೋಮವಾರ ಅಲ್ಲಿಗೆ ಹೋಗಿ ಒಂದು ದೀಪ ಇಟ್ಟು ಬರುತ್ತಿದ್ದರಂತೆ. ಕನ್ನಂಬಾಡಿಯ ಕಟ್ಟೆಯಲ್ಲಿ ಮುಳುಗಿದ್ದ ವೇಣುಗೋಪಾಲಸ್ವಾಮಿಯ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಡಿಸಿ ತಂದು ಹೊಸ ಕನ್ನಂಬಾಡಿಯಲ್ಲಿ ಮರಳಿ ನಿಲ್ಲಿಸಿರುವುದನ್ನು ನಾವೆಲ್ಲ ನೋಡಿದ್ದೇವೆ. ಮೂರು ವರ್ಷದ ಕೂಸಿನ ಗುಳಿಯನ್ನು ಹಾಗೆ ಎತ್ತಿ ತರುವ ಬಗೆಯಿಲ್ಲ.

2017ರ ಬೇಸಿಗೆಯಲ್ಲಿ ಹಿನ್ನೀರು ಬಹಳ ತಗ್ಗಿದೆಯೆಂದು ಕೇಳಿ, ಬಾಡಿಗೆ ಕಾರು ಮಾಡಿ ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ಹುಣಸೂರಿನ ಕಡೆಯ ನಮ್ಮ ಹಳ್ಳಿಯಿಂದ ಹೊರಟು ತಲುಪುವಾಗ ಮಧ್ಯಾಹ್ನವಾಗಿತ್ತು. ನಮ್ಮ ಹೊಲವಿದ್ದ ದಿಬ್ಬ ಎದುರಿಗೆ ಬೋಳಾಗಿ ಕಾಣುತ್ತಿತ್ತು. ನಡುವೆ ಹಳೆಯ ಹಳ್ಳದ ಪಾತ್ರದಲ್ಲಿ ಮಾತ್ರ ನೀರು. ದಡದಲ್ಲಿ ದೋಣಿಯಿರಲಿಲ್ಲ, ಇದ್ದರೂ ಆ ಗಾಳಿಯಲ್ಲಿ ಯಾರೂ ಇಳಿಸುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಬನ್ನಿ ಎಂದರು ಮೀನುಗಾರರು. ನಾಳೆಯವರೆಗೆ ಇರುವುದೆಲ್ಲಿ? ಅವ್ವನಿಗೆ ಮಂಡಿಯ ನೋವು, ನೆಲದ ಮೇಲೆ ಕೂರಲಾಗದು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಯಾಗದೆ ಒಂದು ತೊಟ್ಟು ನೀರನ್ನೂ ಮುಟ್ಟುವುದಿಲ್ಲ. ಹಿನ್ನೀರಿನ ಸುತ್ತಲ ರೆಸಾರ್ಟುಗಳ ಒಂದು ರಾತ್ರಿಯ ಬಾಡಿಗೆ ನಮ್ಮಂತಹವರ ಲೆಕ್ಕಕ್ಕೆ ಸಿಗುವಂಥದಲ್ಲ. ಬಂಧುಗಳ ಮನೆಗಳು ಚಿಕ್ಕವು, ಅವರಿಗೆ ತೊಂದರೆ ಕೊಡಲು ಅವ್ವ ಒಪ್ಪಲಿಲ್ಲ. ಅರ್ಧ ಗಂಟೆ ದಡದಲ್ಲಿ ನಿಂತು ನೋಡಿ ಹಿಂದಿರುಗಿದೆವು. ದಾರಿಯುದ್ದಕ್ಕೂ ಅವರು ಏನೂ ಆಡಲಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮರುಬೇಸಿಗೆಯಲ್ಲಿ ನೀರು ಮತ್ತೆ ಇಳಿಯುವುದು ಖಚಿತವಾಯಿತು. ಅವ್ವನಿಗೆ ಆಗ ಎಂಬತ್ತೆರಡು. ಸಂಕ್ರಾಂತಿಯ ದಿನ ಎಳ್ಳು ಬೀರುತ್ತ ಅಣ್ಣನವರಿಗೆ ಒಂದು ಮಾತು ಹೇಳಿದರು: "ಇನ್ನೊಂದು ಸಲ ಬರ ಬರೋವರೆಗೂ ನಾನಿರಾಕಿಲ್ಲ ಕಣಪ್ಪ." ಬರವನ್ನು ಹಾರೈಸುವ ಮಾತಲ್ಲ ಅದು, ಆದರೂ ಕೇಳಿದ ನಮಗೆ ಕಸಿವಿಸಿಯಾಯಿತು.

ಅಣ್ಣನವರು ಯೋಚನೆಯನ್ನು ಬಾಯಲ್ಲಿ ಆಡುವವರಲ್ಲ. ಮರುದಿನವೇ ಹೊಗೆಸೊಪ್ಪಿನ ಬ್ಯಾರನ್ನಿನ ನೆಲ ಗುಡಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆಯತೊಡಗಿದರು. ಸೊಪ್ಪು ಹದಮಾಡುವ ಕಾಲ ಮುಗಿದು ಬ್ಯಾರನ್ನು ಬರಿದಾಗಿತ್ತು. ಮುಂದಿನ ಎರಡು ತಿಂಗಳು ಅದೇ ನಮ್ಮ ಕಾರ್ಖಾನೆಯಾಯಿತು.

ಮೊದಲ ಪ್ರಶ್ನೆ, ಏನನ್ನು ಏನು ಎಳೆಯಬೇಕು ಎಂಬುದು. ಟ್ರಾಕ್ಟರಿನ ಟ್ರೈಲರು ಮನೆಯಲ್ಲಿಯೇ ಇತ್ತು. ಅದಕ್ಕೆ ಕಮಾನು ಕಟ್ಟಿ ಅವ್ವನನ್ನು ಮಲಗಿಸಿಕೊಂಡು ಹೋಗೋಣವೆಂದು ಅಣ್ಣನವರು. ನಾವು ಒಪ್ಪಲಿಲ್ಲ. ಟ್ರೈಲರಿನಲ್ಲಿ ಜನರನ್ನು ಕೂರಿಸಿ ಜಾತ್ರೆ, ಮದುವೆಗಳಿಗೆ ಹೋಗಿ ಮಗುಚಿಕೊಂಡ ಸುದ್ದಿಯನ್ನು ಪ್ರತಿ ವರ್ಷ ಓದುತ್ತೇವೆ. ಕಾನೂನೂ ಅದನ್ನು ಒಪ್ಪುವುದಿಲ್ಲ. "ಅಪ್ಪ ಗಾಡೀಲಿ ಕರಕೊಂಡು ಹೋಗ್ತಿರಲಿಲ್ವೆ?" ಎಂದರು ಅಣ್ಣನವರು. ಎತ್ತು ಗಂಟೆಗೆ ಎರಡು ಹರದಾರಿ ನಡೆಯುವುದಿಲ್ಲ ಎಂದೆವು ನಾವು. ಮೂರು ದಿನ ಮಾತಿಲ್ಲದೆ ಕೆಲಸ ನಿಂತಿತು. ಕೊನೆಗೆ ಅದನ್ನು ಬಿಡಿಸಿದವರು ಅವ್ವನೇ. ತಾವು ಮುಂದೆ ಕೂರುವುದಾಗಿಯೂ, ಮಲಗಿಕೊಂಡು ಹೋದರೆ ದಾರಿ ಕಾಣುವುದಿಲ್ಲವೆಂದೂ ಹೇಳಿಬಿಟ್ಟರು.

ಹೀಗೆ ಜೀಪು ಎಂದಾಯಿತು. ನಮ್ಮಲ್ಲಿ ಹಳೆಯ ಜೀಪೊಂದಿತ್ತು. ಕೊಡಗಿನ ಕಾಫಿ ತೋಟದವರು ಜೀಪಿನ ಹಿಂದೆ ಕಟ್ಟಿ ಎಳೆಯುವ ಎರಡು ಚಕ್ರದ ಚಿಕ್ಕ ಟ್ರೈಲರುಗಳನ್ನು ಬೈಲಕುಪ್ಪೆ, ಕುಶಾಲನಗರದ ಹಾದಿಯಲ್ಲಿ ಓಡಾಡುವವರೆಲ್ಲ ಕಂಡಿರುತ್ತಾರೆ. ಅಂಥದ್ದೊಂದು ಪಿರಿಯಾಪಟ್ಟಣದ ಕಡೆ ಮಾರಾಟಕ್ಕಿದೆಯೆಂದು ತಿಳಿದು, ಕಾಗದಪತ್ರ ಸರಿಯಿರುವುದನ್ನು ನೋಡಿ ಕೊಂಡುತಂದೆವು. ತೊಟ್ಟಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ನೋಂದಣಿಯಾದ ವಾಹನದ ರೂಪವನ್ನು ನಮಗೆ ಬೇಕಾದಂತೆ ಬದಲಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಆದ್ದರಿಂದ ತೊಟ್ಟಿಯನ್ನು ಕತ್ತರಿಸದೆ, ಕೊರೆಯದೆ, ಒಳಗೆ ಇಳಿಸಿ ಬೋಲ್ಟು ಬಿಗಿದು ಬೇಕಾದಾಗ ಎತ್ತಿಡಬಹುದಾದ ಚೌಕಟ್ಟು ಮಾಡುವುದೆಂದು ನಿಶ್ಚಯಿಸಿದೆವು. ಅದು ಕಾಯಿದೆಯ ದೃಷ್ಟಿಯಿಂದ ಸಾಮಾನು ಮಾತ್ರ.

ಹುಣಸೂರಿನ ಹೆಸರು ಹಿಂದಿನಿಂದಲೂ ಅಮೃತಮಹಲ್ ದನಗಳಿಗೆ, ಚರ್ಮಕ್ಕೆ, ಕಂಬಳಿಗೆ, ಮರಮುಟ್ಟಿಗೆ ಪ್ರಸಿದ್ಧ. ಅಲ್ಲಿನ ಹಳೆಯ ಬಡಗಿಯೊಬ್ಬರು ನಮಗೆ ಕಲಿಸಿದ ಪಾಠವನ್ನು ಇಲ್ಲಿ ವಿವರವಾಗಿ ಹೇಳಲೇಬೇಕು. ಎರಡು ಚಕ್ರದ ಬಂಡಿಯಲ್ಲಿ ಭಾರವೆಲ್ಲ ಅಚ್ಚಿನ ಮೇಲೆ ತೂಗುತ್ತದೆ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ ಮೇಲೆದ್ದು ಕೊರಳಿನ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂದಕ್ಕೆ ಹೆಚ್ಚಾದರೆ ನೊಗ ಹೆಗಲನ್ನು ಕೆತ್ತಿ ಹುಣ್ಣು ಮಾಡುತ್ತದೆ. ಎತ್ತಿನ ಹೆಗಲ ಮೇಲೆ ನೊಗ ಸ್ವಲ್ಪ ಕೂತಂತಿರಬೇಕು, ಅಷ್ಟೆ. ಜೀಪಿಗೂ ಇದೇ ನ್ಯಾಯ. ವ್ಯತ್ಯಾಸವೇನೆಂದರೆ ಎತ್ತು ನೋವಾದರೆ ನಿಲ್ಲುತ್ತದೆ, ಜೀಪು ನಿಲ್ಲುವುದಿಲ್ಲ. ಕೊಂಡಿಯ ಮೇಲೆ ಭಾರ ಕಡಿಮೆಯಾದರೆ ಬಂಡಿ ಹಾವಿನ ಬಾಲದಂತೆ ಅತ್ತಿತ್ತ ಬೀಸತೊಡಗಿ, ವೇಗ ಹೆಚ್ಚಿದಂತೆ ಜೀಪನ್ನೂ ಎಳೆದುಕೊಂಡು ಹೋಗುತ್ತದೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಕೊಂಡಿಯ ಮೇಲಿರಬೇಕೆಂಬುದು ಬಲ್ಲವರ ಲೆಕ್ಕ. ನಾವು ಹೊಗೆಸೊಪ್ಪಿನ ಬೇಲು ತೂಗುವ ತಕ್ಕಡಿಯ ಮೇಲೆ ಕೊಂಡಿಯನ್ನಿಟ್ಟು ನೋಡಿದೆವು. ಸಾಮಾನೆಲ್ಲ ಹೇರಿದಾಗ ಬಂಡಿ ಸುಮಾರು ನಾಲ್ಕು ನೂರು ಕಿಲೋ. ಕೊಂಡಿಯ ಮೇಲೆ ಬರೀ ಹನ್ನೆರಡು! ನೂರು ಲೀಟರಿನ ನೀರಿನ ಪೀಪಾಯಿಯನ್ನು ಹಿಂಬದಿಯಲ್ಲಿ ಇಟ್ಟದ್ದೇ ತಪ್ಪಾಗಿತ್ತು. ಅದನ್ನು ಅಚ್ಚಿನಿಂದ ತುಸು ಮುಂದಕ್ಕೆ ಸರಿಸಿ, ಅಕ್ಕಿ ಬೇಳೆಗಳ ಡಬ್ಬಗಳನ್ನು ಮುಂಭಾಗಕ್ಕೆ ತಂದಾಗ ನಲವತ್ತೈದಕ್ಕೆ ಬಂತು. ಆ ದಿನ ಅಣ್ಣನವರ ಮುಖದಲ್ಲಿ ಕಂಡ ಸಂತೋಷವನ್ನು ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಬಂದ ದಿನವೂ ನಾವು ಕಂಡಿರಲಿಲ್ಲ.

ಇನ್ನು ಹರಿಗೋಲು. ಹಂಪೆಗೆ 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿದ್ದ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ ಅವುಗಳಲ್ಲಿ ಹಿಡಿಯುತ್ತಿದ್ದರಂತೆ, ಅಗತ್ಯವಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ದೋಣಿ ಮಾತ್ರ ಸದಾ ಸುತ್ತುತ್ತಲೇ ಸಾಗುತ್ತಿತ್ತಂತೆ. ಐನೂರು ವರ್ಷಗಳಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ, ಈಚೆಗೆ ಫೈಬರಿನವೂ ಬಂದಿವೆ. ಸುತ್ತುವುದು ಹಾಗೆಯೇ ಇದೆ. ಕೃಷ್ಣರಾಜನಗರದ ಕಡೆ ಕಾವೇರಿ ದಡದಲ್ಲಿ ಬಿದಿರು ಹೆಣೆಯುವ ವೃದ್ಧರೊಬ್ಬರ ಬಳಿ ಹೋದೆವು. ನಾಲ್ಕು ಅಡಿ ಅಗಲದ ತೊಟ್ಟಿಯ ಮೇಲೆ ಕೂರುವಂತೆ, ಮೊಟ್ಟೆಯಾಕಾರದಲ್ಲಿ ಉದ್ದಕ್ಕೆ ಹೆಣೆದುಕೊಡಬಹುದೇ ಎಂದು ಕೇಳಿದ್ದಕ್ಕೆ ಅವರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ದುಂಡಗಿಲ್ದೆ ಇದ್ರೆ ಅದು ತೊಟ್ಟಿಲಾಯ್ತದೆ ಸ್ವಾಮಿ, ಹರಿಗೋಲಾಗಾಕಿಲ್ಲ" ಎಂದರು. ಮೂರು ಜನ ಹಿಡಿಯುವ ಹರಿಗೋಲು ಆರು ಅಡಿಗಿಂತ ಚಿಕ್ಕದಾದರೆ ತಾವು ಹೊಣೆಯಲ್ಲವೆಂದೂ ಹೇಳಿದರು.

ಆರು ಅಡಿಯ ದುಂಡನೆಯ ವಸ್ತುವನ್ನು ನಾಲ್ಕು ಅಡಿಯ ಅಗಲದಲ್ಲಿ ಹೊರುವುದು ಹೇಗೆ? ಮಗುಚಿ ಅಡ್ಡಲಾಗಿ ಇಟ್ಟರೆ ಎಡಬಲಗಳಲ್ಲಿ ಒಂದೊಂದು ಅಡಿ ಹೊರಚಾಚುತ್ತದೆ. ಎದುರಿಗೆ ಬರುವ ಸ್ಕೂಟರಿನವನ ತಲೆಗೆ ಸರಿಯಾಗಿ ಬಡಿಯುವ ಎತ್ತರ. ನಿಲ್ಲಿಸಿ ಕಟ್ಟಿದರೆ ಗಾಳಿಗೆ ಹಾಯಿ ಬಿಚ್ಚಿದಂತೆ. ಎರಡು ದಿನ ಸೀಮೆಸುಣ್ಣ ಸವೆಯಿತು. ಉತ್ತರ ಕಂಡುಕೊಂಡವಳು ಕಾಲೇಜಿಗೆ ಹೋಗುವ ನಮ್ಮ ಅಣ್ಣನ ಮಗಳು. ಅಡುಗೆಮನೆಯಿಂದ ಒಂದು ಮೊರವನ್ನೂ ಅವ್ವನ ಎಲೆಯಡಿಕೆಯ ಪೆಟ್ಟಿಗೆಯನ್ನೂ ತಂದು, ಮೊರವನ್ನು ಪೆಟ್ಟಿಗೆಯೊಳಗೆ ಓರೆಯಾಗಿ ಇಟ್ಟು ತೋರಿಸಿದಳು. ಎಡ ಅಂಚು ತೊಟ್ಟಿಯ ಒಳಗೆ ತಳದಲ್ಲಿ, ಬಲ ಅಂಚು ನಾಲ್ಕೂವರೆ ಅಡಿ ಎತ್ತರದ ಗಳುವಿನ ಮೇಲೆ. ಹಾಗೆ ಓರೆ ಮಾಡಿದಾಗ ಅಗಲ ನಾಲ್ಕು ಅಡಿಗೆ ಇಳಿಯುತ್ತದೆ. ಎರಡು ಅಡಿ ಆಳದ ಬೆನ್ನು ಎಡಕ್ಕೆ ಉಬ್ಬುತ್ತದೆ. ಅದರ ಅಡಿಯ ಪೊಳ್ಳಿನಲ್ಲಿ ಹಾಸಿಗೆ, ಪಾತ್ರೆ, ಹುಟ್ಟುಗಳೆಲ್ಲ ಮಳೆಗೆ ನೆನೆಯದೆ ಕೂರುತ್ತವೆ. ಶಾಲೆಯಲ್ಲಿ ತ್ರಿಕೋನಮಿತಿ ಓದಿ ಏನು ಬಂತು ಎಂದು ಕೇಳುವ ಪಾಲಕರಿಗೆ ಈ ಪ್ರಸಂಗವನ್ನು ನಾವು ಆಗಾಗ ಹೇಳುವುದುಂಟು.

ಉಳಿದ ಏರ್ಪಾಡನ್ನು ಬೇಗ ಹೇಳಿ ಮುಗಿಸುತ್ತೇವೆ. ತಂಗುವ ಕಡೆ ಹರಿಗೋಲನ್ನು ಇಳಿಸಿದರೆ ಅದೇ ಗಳುಗಳ ಮೇಲೆ ಟಾರ್ಪಾಲು ಎಳೆಯಬಹುದು. ಒಳಗೆ ಆರು ಅಡಿಯ ಹಲಗೆಯ ಮಂಚ ಅವ್ವನಿಗೆ ಮಾತ್ರ, ನಮಗೆಲ್ಲ ನೆಲ. ಒಂದು ಪಕ್ಕದ ಹಲಗೆ ಸರಪಳಿಯ ಮೇಲೆ ಮಡಚಿಕೊಂಡು ಜಗಲಿಯಾಗುತ್ತದೆ, ಅಲ್ಲಿ ಅವರು ಕಾಲು ಇಳಿಬಿಟ್ಟು ಪೂಜೆಗೆ ಕೂರಬಹುದು. ಹಿಂದಿನ ಹಲಗೆಯ ಮೇಲೆ ಗ್ಯಾಸಿನ ಒಲೆ. ತಳವಿಲ್ಲದ ಕುರ್ಚಿಯೊಂದು, ಅದರ ಸುತ್ತ ಹಳೆಯ ಸೀರೆಯ ಮರೆ. ಇದನ್ನು ಬರೆಯಲು ಸಂಕೋಚವಾದರೂ, ವೃದ್ಧರನ್ನು ಪ್ರವಾಸಕ್ಕೆ ಕರೆದೊಯ್ಯುವ ಮನೆಗಳವರು ಮೊದಲು ಯೋಚಿಸಬೇಕಾದುದು ಇದನ್ನೇ ಎಂದು ನಮಗನ್ನಿಸಿದ್ದರಿಂದ ಬರೆದಿದ್ದೇವೆ.

ಮಾರ್ಚ್ ತಿಂಗಳಲ್ಲಿ, ಶಿವರಾತ್ರಿ ಕಳೆದ ಮೇಲೆ, ಪರೀಕ್ಷೆಗೆಂದು ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಗೆ ಹೋದೆವು. ರಾಚಪ್ಪಾಜಿ, ಚೆನ್ನಾಜಮ್ಮನವರ ಕ್ಷೇತ್ರವದು. ಶಿವರಾತ್ರಿಯಿಂದ ಯುಗಾದಿಯವರೆಗೆ ಜಾತ್ರೆ. ಕಾವೇರಿಯ ದಡದುದ್ದಕ್ಕೂ ಜನ ಬಿಡಾರ ಹೂಡಿರುತ್ತಾರೆ, ನಮ್ಮದನ್ನು ಯಾರೂ ವಿಚಿತ್ರವೆಂದು ನೋಡಲಿಲ್ಲ. ನದಿಯ ಮಡುವೊಂದರಲ್ಲಿ ಹರಿಗೋಲನ್ನು ಇಳಿಸಿ, ಅಂಬಿಗರ ಚೌಡಯ್ಯನವರನ್ನು ನೆನೆದು ಹುಟ್ಟು ಹಾಕಿದೆವು. ಕಾಲು ಗಂಟೆಯವರೆಗೆ ಇದ್ದಲ್ಲೇ ಬುಗುರಿಯಂತೆ ತಿರುಗಿ ತಲೆ ಸುತ್ತು ಬಂತು. ದಡದ ಹುಡುಗನೊಬ್ಬ ನಕ್ಕು ಇಳಿದು ಬಂದು, ಪಕ್ಕದಲ್ಲಿ ಅಲ್ಲ, ಮುಂದೆ ಹುಟ್ಟು ಹಾಕಿ ನೀರನ್ನು ನಿಮ್ಮ ಕಡೆಗೆ ಎಳೆಯಿರಿ ಎಂದು ತೋರಿಸಿಕೊಟ್ಟ.

ಅನಾಹುತವಾದದ್ದು ದಡದ ಮೇಲೆ. ಜೀಪನ್ನು ಬಿಚ್ಚಿ ಬಂಡಿಯ ಮುಂದಕ್ಕೆ ಊರುಗೋಲು ಕೊಟ್ಟಿದ್ದೆವು, ಹಿಂದಕ್ಕೆ ಕೊಟ್ಟಿರಲಿಲ್ಲ. ನಮ್ಮ ಶ್ರೀಮತಿಯವರು ಉಪ್ಪಿಟ್ಟಿನ ಬಾಣಲೆ ಇಳಿಸಲೆಂದು ಹಿಂದಿನ ಹಲಗೆಯ ಮೇಲೆ ಕಾಲಿಟ್ಟದ್ದೇ ತಡ, ಮೂಕಿ ಆಕಾಶಕ್ಕೆದ್ದು ಇಡೀ ಬಂಡಿ ಹಿಂದಕ್ಕೆ ಕುಸಿಯಿತು. ಅವರು ಪಕ್ಕಕ್ಕೆ ಹಾರಿಕೊಂಡರು, ಉಪ್ಪಿಟ್ಟು ಮರಳಿಗೆ. ಅದೇ ಬಾಣಲೆಯ ಜಾಗದಲ್ಲಿ ಎಂಬತ್ತೆರಡರ ಅವ್ವ ಇದ್ದಿದ್ದರೆ? ಆ ರಾತ್ರಿ ಅಣ್ಣನವರು ಊಟ ಮಾಡಲಿಲ್ಲ. ಹಿಂದಿರುಗುವಾಗ ಚೌಕಟ್ಟಿನ ಒಂದು ಬೆಸುಗೆಯೂ ಬಿರುಕು ಬಿಟ್ಟಿತು. ಬೆಸುಗೆ ಹಾಕಿದವರನ್ನು ಕೇಳಿದರೆ ರಸ್ತೆ ಸರಿಯಿಲ್ಲವೆಂದರು. ರಸ್ತೆ ಸರಿಯಿಲ್ಲದ್ದು ನಿಜವೇ. ಆದರೆ ಬೆಸುಗೆ ಹಾಕುವಾಗಲೂ ರಸ್ತೆ ಹಾಗೆಯೇ ಇತ್ತಲ್ಲ! ಬೇರೆ ಕಡೆ ಮತ್ತೆ ಹಾಕಿಸಿ, ಹಿಂದಕ್ಕೆ ಎರಡು, ಮುಂದಕ್ಕೆ ಒಂದು ಜಾಲಿಯ ಊರುಗೋಲು ಮಾಡಿಸಿ, ಅವು ಊರದೆ ಯಾರೂ ಬಂಡಿ ಹತ್ತಕೂಡದೆಂದು ಹಲಗೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದೆವು.

ಏಪ್ರಿಲ್ 26ರಂದು ಲೋಕಸಭೆಯ ಮತದಾನ. ಅದಕ್ಕೆ ಮೊದಲು ಹೊರಟರೆ ಪ್ರತಿ ತನಿಖಾ ಠಾಣೆಯಲ್ಲಿ ಹರಿಗೋಲನ್ನು ಮಗುಚಿ ತೋರಿಸಬೇಕಾದೀತೆಂದು ಮತ ಹಾಕಿಯೇ ಹೊರಟೆವು. ಕೊಂಡಿಯ ಜೊತೆಗೆ ಎರಡು ಸರಪಳಿ, ಹಿಂದೆ ಕೆಂಪು ದೀಪ. ಬಂಡಿಗೆ ತನ್ನದೇ ಬ್ರೇಕಿಲ್ಲವಾದ್ದರಿಂದ ಗಂಟೆಗೆ ಮೂವತ್ತು ಕಿಲೋಮೀಟರ್ ಮೀರುವಂತಿಲ್ಲವೆಂದು ನಾವು ಹಾಕಿದ ಕರಾರನ್ನು ಅಣ್ಣನವರು ಪಾಲಿಸಿದರು. ಹಿಂದೆ ಬಂದ ಬಸ್ಸುಗಳು ಹಾರ್ನು ಹೊಡೆದು ಬೈದು ಮುಂದೆ ಹೋದವು. ಅವ್ವ ಜೀಪಿನ ಮುಂದಿನ ಸೀಟಿನಲ್ಲಿ ವಿಭೂತಿ ಧರಿಸಿ, ಬುಟ್ಟಿಯಲ್ಲಿ ಮಲ್ಲಿಗೆ ಇಟ್ಟುಕೊಂಡು, ದಾರಿಯ ಪ್ರತಿಯೊಂದು ಊರಿನಲ್ಲೂ ಯಾವ ನೆಂಟರಿದ್ದರು, ಯಾರಿಗೆ ಯಾರನ್ನು ಕೊಟ್ಟಿತ್ತು ಎಂದು ಹೇಳುತ್ತಲೇ ಇದ್ದರು. ಏಳು ವರ್ಷದ ಹಿಂದೆ ಅದೇ ದಾರಿಯಲ್ಲಿ ಮಾತಿಲ್ಲದೆ ಬಂದವರು ಇವರೇ.

ಹಿನ್ನೀರಿನ ದಡದಲ್ಲಿ ಬಿಡಾರ ಹೂಡುವ ಹುಚ್ಚು ನಮಗಿರಲಿಲ್ಲ. ಬೇಸಿಗೆಯಲ್ಲಿ ನೀರಿಗಾಗಿ ಆನೆಗಳು ಅಲ್ಲಿಗೆ ಬರುತ್ತವೆ, ನೀರಿನಲ್ಲಿ ಮೊಸಳೆಗಳಿವೆ. ಎದುರಿನ ದಡ ಕಾಡಿನದು, ಅತ್ತ ಹೋಗಲು ಅಪ್ಪಣೆಯಿಲ್ಲ. ನಮ್ಮ ದಿಬ್ಬ ಕಾಡಿನ ಕಡೆಯದಲ್ಲ. ಸಂಬಂಧಪಟ್ಟ ಕಚೇರಿಯಲ್ಲಿ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದೆವು. ನಮ್ಮೂರವರು ನೆಲೆಸಿರುವ ಮರುವಸತಿ ಊರಿನ ಗುಡಿಯ ಅಂಗಳದಲ್ಲಿ ಬಂಡಿ ನಿಲ್ಲಿಸಿದೆವು. ಅರ್ಧ ಗಂಟೆಯಲ್ಲಿ ಅವ್ವನ ಜೊತೆಗಾತಿಯರು ನಾಲ್ವರು ಬಂದು ಜಗಲಿಯ ಹಲಗೆಯ ಮೇಲೆ ಕುಳಿತರು. ನಾಲ್ವರ ಭಾರಕ್ಕೆ ಅದನ್ನು ಲೆಕ್ಕ ಹಾಕಿರಲಿಲ್ಲ. ಅಣ್ಣನವರು ಹಲಗೆಯ ಅಡಿಗೆ ಹೆಗಲು ಕೊಡುವವರಂತೆ ಪಕ್ಕದಲ್ಲೇ ನಿಂತಿದ್ದರು.

ಮರುದಿನ ಬೆಳಿಗ್ಗೆ ಆರಕ್ಕೆ ದಡಕ್ಕೆ ಹೋದರೆ ನೀರಿನ ಮೇಲೆ ಗಾಳಿಯ ನಿರಿಗೆಗಳು. ಆ ಕಡೆಯ ಮೀನುಗಾರರೊಬ್ಬರು ನಮ್ಮ ಜೊತೆ ಬರಲು ಒಪ್ಪಿದ್ದರು. ಅವರು ಒಂದು ಹಿಡಿ ಒಣಹುಲ್ಲನ್ನು ಮೇಲಕ್ಕೆ ತೂರಿ ನೋಡಿ, ಇವತ್ತು ಬೇಡ ಎಂದರು. ದುಂಡನೆಯ ಹರಿಗೋಲಿಗೆ ಮೂಗಿಲ್ಲ, ಬಾಲವಿಲ್ಲ; ಗಾಳಿ ಹಿಡಿದರೆ ಅದು ಹೇಳಿದ ಕಡೆಗೇ ಹೋಗಬೇಕು. 2017ರಲ್ಲಾಗಿದ್ದರೆ ಅಲ್ಲಿಗೆ ಮುಗಿಯಿತು. ಈ ಸಲ ಹಿಂದಿರುಗಿ ಬಂದು ಅವ್ವ ಸ್ನಾನ ಮಾಡಿ, ಪೂಜೆ ಮುಗಿಸಿ, ರೊಟ್ಟಿ ತಿಂದು ಮಲಗಿದರು. ಸಂಜೆ ಗುಡುಗು ಸಿಡಿಲಿನ ಮಳೆ. ಟಾರ್ಪಾಲು ಹಾರದಂತೆ ನಾವೂ ಅಣ್ಣನವರೂ ಎರಡು ಮೂಲೆಗಳನ್ನು ಹಿಡಿದುಕೊಂಡು ಮುಕ್ಕಾಲು ಗಂಟೆ ನೆನೆದೆವು. ಒಳಗಿನಿಂದ ಅವ್ವನ ಧ್ವನಿ: "ಒಳಗೆ ಬನ್ರೋ, ಮಳೇಲಿ ಯಾಕ್ ನಿಂತಿದ್ದೀರಿ?" ಎಲ್ಲಿಗೆ ಬರುವುದು, ಇದ್ದದ್ದು ಒಂದೇ ಮಂಚ!

ಮಳೆಯ ಮಾರನೆಯ ಬೆಳಗು ನೀರು ಕನ್ನಡಿಯಂತಿತ್ತು. ಎಂಟು ಗಂಟೆಯೊಳಗೆ ದಡಕ್ಕೆ ಮರಳಬೇಕು, ಗಾಳಿ ಎದ್ದರೆ ಅರ್ಧದಲ್ಲೇ ತಿರುಗಬೇಕು ಎಂದು ಮೊದಲೇ ಮಾತಾಗಿತ್ತು. ಅವ್ವನಿಗೆ ಸೀರೆಯ ಮೇಲೆ ತೇಲುವ ಅಂಗಿ ತೊಡಿಸಿದಾಗ, ಆ ಕಿತ್ತಳೆ ಬಣ್ಣ ನೋಡಿ ಮದುವೆಯಲ್ಲೂ ಇಷ್ಟು ಅಲಂಕಾರವಾಗಿರಲಿಲ್ಲವೆಂದು ನಕ್ಕರು. ನೆಲದ ಮೇಲೆ ಕೂರಲಾಗದ್ದರಿಂದ ಹರಿಗೋಲಿನ ನಡುವೆ ಒಂದು ಗಿಡ್ಡ ಮಣೆ ಕಟ್ಟಿದ್ದೆವು. ಮೀನುಗಾರರು, ಅಣ್ಣನವರು, ಅವ್ವ. ನಾಲ್ಕನೆಯವರಿಗೆ ಜಾಗವಿಲ್ಲ. ನಾವು ದಡದಲ್ಲಿ ಉಳಿದೆವು.

ಆದ್ದರಿಂದ ಮುಂದಿನದು ನಾವು ದೂರದಿಂದ ಕಂಡದ್ದು ಮತ್ತು ಅಣ್ಣನವರು ಹೇಳಿದ್ದು. ಹತ್ತು ನಿಮಿಷದಲ್ಲಿ ದಾಟಿದರು. ದಿಬ್ಬದ ಈಚೆಗೆ ಮೊಣಕಾಲುದ್ದ ನೀರು, ಅದರ ಅಡಿಯಲ್ಲಿ ಐವತ್ತು ವರ್ಷದ ಹೂಳು. ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತದೆಂದು ಮೀನುಗಾರರು ಇಳಿಯಗೊಡಲಿಲ್ಲ. ಹುಣಸೆಯ ಮರದ ಬೊಡ್ಡೆ ಕಪ್ಪಗೆ ನಿಂತಿತ್ತು. ಅದು ನಮ್ಮದೇ ಹುಣಸೆಯೋ, ಪಕ್ಕದ ಹೊಲದ್ದೋ? ಅಣ್ಣನವರಿಗೆ ತಿಳಿಯಲಿಲ್ಲ. ಅವ್ವನಿಗೂ ಮೊದಲು ತಿಳಿಯಲಿಲ್ಲ. ಹರಿಗೋಲು ತನ್ನ ಸ್ವಭಾವದಂತ​ೆ ನಿಧಾನವಾಗಿ ಒಂದು ಸುತ್ತು ತಿರುಗಿತು, ನಾಲ್ಕೂ ದಿಕ್ಕನ್ನು ನೋಡಿದ ಮೇಲೆ, ದೂರದ ಗುಡ್ಡದ ಸಾಲನ್ನು ಗುರುತು ಹಿಡಿದು, "ಅಡುಗೆಮನೆ ಕಿಂಡೀಲಿ ಆ ಗುಡ್ಡ ಹಿಂಗೇ ಕಾಣ್ತಿತ್ತು. ಇದೇ ಕಣಪ್ಪ" ಎಂದರು. ಮೀನುಗಾರರು ಗಳುವನ್ನು ಹೂಳಿಗೆ ಊರಿ ಹರಿಗೋಲನ್ನು ನಿಲ್ಲಿಸಿದರು. ಅವ್ವ ಹಣತೆಯನ್ನು ಬಾಳೆಯ ದೊನ್ನೆಯಲ್ಲಿಟ್ಟು ಹಚ್ಚಿ ನೀರಿಗೆ ಬಿಟ್ಟರು. ಮಲ್ಲಿಗೆ ಹಾಕಿದರು. ಆ ಮೇಲೆ ಸೊಂಟದಿಂದ ಒಂದು ಸಣ್ಣ ಗಂಟು ತೆಗೆದರು. ಕೊಬ್ಬರಿ, ಬೆಲ್ಲ. ಅದು ಯಾವಾಗ ಕಟ್ಟಿಕೊಂಡದ್ದೋ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಕನ ಹೆಸರನ್ನು ನಾವು ಅದುವರೆಗೆ ಕೇಳಿರಲಿಲ್ಲ. ಆ ದಿನ ಅಣ್ಣನವರು ಕೇಳಿದರು. ಅವ್ವ ಗಟ್ಟಿಯಾಗಿಯೇ ಎರಡು ಸಲ ಕರೆದರಂತೆ.

ಏಳೂ ಮುಕ್ಕಾಲಿಗೆ ದಡ ಸೇರಿದರು. ನಾವು ಕೈಹಿಡಿದು ಇಳಿಸಿಕೊಂಡಾಗ ಅವ್ವ ನಮ್ಮ ಮುಖ ನೋಡಿ, "ನೀನು ಕಾಫಿ ಕುಡಿದ್ಯಾ?" ಎಂದು ಕೇಳಿದರು.

ಮೀನುಗಾರರ ಸ್ವಂತ ಹರಿಗೋಲಿನ ಡಾಂಬರು ಬಿರಿದು ನೀರು ಒಸರುತ್ತಿತ್ತು. ಅವರು ಹಣ ಮುಟ್ಟಲಿಲ್ಲವಾದ್ದರಿಂದ, ನಮ್ಮದನ್ನು ಅಲ್ಲಿಯೇ ಬಿಟ್ಟು ಬರೋಣವೆಂದು ಅವ್ವ ಹೇಳಿದರು. ಅಣ್ಣನವರು ಒಂದು ಗಳಿಗೆ ಸುಮ್ಮನಿದ್ದರು. ಎರಡು ತಿಂಗಳ ಸೀಮೆಸುಣ್ಣ ಅವರ ಕಣ್ಣ ಮುಂದೆ ಹೋಗಿರಬೇಕು. ನಂತರ ಹುಟ್ಟುಗಳನ್ನೂ ತೆಗೆದುಕೊಟ್ಟರು.

ಹರಿಗೋಲಿಲ್ಲದೆ, ಪೀಪಾಯಿ ಖಾಲಿಯಾಗಿ ಹೊರಟ ಬಂಡಿಯ ತೂಕ ಕೆಟ್ಟು ಎರಡು ಮೈಲಿ ಹೋಗುವುದರೊಳಗೆ ಹಿಂದಿನಿಂದ ಬೀಸತೊಡಗಿತು. ಹೆಗ್ಗಡದೇವನಕೋಟೆಯ ಈಚೆಗೆ ನಿಲ್ಲಿಸಿ, ನೀರು ತುಂಬಿಸಿ, ಹಾಸಿಗೆಗಳನ್ನು ಮುಂದಕ್ಕೆ ಒಟ್ಟಿದ ಮೇಲೆ ಸರಿಹೋಯಿತು. ಅಷ್ಟೆಲ್ಲ ಆದರೂ ಅವ್ವನಿಗೆ ಎಚ್ಚರವಾಗಲಿಲ್ಲ; ಹುಣಸೂರು ಬರುವವರೆಗೆ ಮುಂದಿನ ಸೀಟಿನಲ್ಲಿ ಒರಗಿ ನಿದ್ದೆ ಮಾಡಿದರು. ಬಸವ ಜಯಂತಿಗೆ ಮನೆಯಲ್ಲಿದ್ದೆವು.

ಬಂಡಿ ಈಗ ಬ್ಯಾರನ್ನಿನ ಪಕ್ಕದಲ್ಲಿ ನಿಂತಿದೆ. ಸುತ್ತೂರಿನ ಜಾತ್ರೆಗೆ ಅದರಲ್ಲೇ ಹೋಗಬೇಕೆಂದು, ಜೊತೆಗೆ ತಮ್ಮ ನಾಲ್ವರು ಜೊತೆಗಾತಿಯರನ್ನೂ ಕರೆಯಬೇಕೆಂದು ಅವ್ವನ ಅಪ್ಪಣೆಯಾಗಿದೆ. ಜಗಲಿಯ ಹಲಗೆಗೆ ಇನ್ನೆರಡು ಊರುಗೋಲು ಬೇಕಾದೀತೆಂದು ಅಣ್ಣನವರು ಜಾಲಿಯ ಮರ ಹುಡುಕುತ್ತಿದ್ದಾರೆ.